ಸಬ್ಬಕ್ಕಿ ಊಟವಲ್ಲ

೩ ಜುಲೈ ೨೦೨೫, ಗುರುವಾರ

ಇವರಿಗೆ ಹಾರ್ಟ್ ಅಟ್ಯಾಕ್ ಆಗಿದೆಯಂತೆ. ಯಾವಾಗ ಆಯಿತು ಅಂತ ಇವರಿಗೇ ಗೊತ್ತಿಲ್ಲ. ಇಂಥ ಮನುಷ್ಯನನ್ನು ಕಟ್ಟಿಕೊಂಡು ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಯಾರಾದರೂ ಕರೆದು ನನಗೊಂದು ಶಾಲು ಹೊದಿಸಬೇಕು.

ಕಳೆದ ತಿಂಗಳು ಕಸದ ಬಿನ್ ತಳ್ಳಿಕೊಂಡು ರಸ್ತೆಗೆ ಹೋದವರು ಲೆಟರ್‌ಬಾಕ್ಸ್ ಹಿಡಿದುಕೊಂಡು ನಿಂತೇಬಿಟ್ಟರು. ನಾನು ಅಡುಗೆಮನೆ ಕಿಟಕಿಯಿಂದ ನೋಡಿ ಓಡಿದೆ. ಏನಾಯಿತು ಅಂದರೆ ಏನಿಲ್ಲ. ಬೆವರು ಯಾಕೆ ಅಂದರೆ ಏನಿಲ್ಲ. ಅಡಿಲೇಡಿನ ಈ ಸ್ಯಾಲಿಸ್‌ಬರಿಯಲ್ಲಿ ಜೂನ್ ಅಂದರೆ ಚಳಿಗಾಲ, ಕಾರಿನ ಗಾಜಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿದೆ, ಈ ಮನುಷ್ಯ ಬೆವರುತ್ತಿದ್ದಾರೆ, ಆದರೂ ಏನಿಲ್ಲವಂತೆ. ಕೈ ಹಿಡಿದು ನಮ್ಮ ಜಿಪಿ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದೆ. ಇಸಿಜಿಯಲ್ಲಿ ಹಳೆಯ ಅಟ್ಯಾಕಿನ ಗುರುತು ಇದೆ ಅಂದರು. ಅಲ್ಲಿಂದ ಅಡಿಲೇಡ್ ಸಿಟಿಯ ದೊಡ್ಡ ಆಸ್ಪತ್ರೆ, ಆಂಜಿಯೋಗ್ರಾಮ್. ಮೂರು ರಕ್ತನಾಳ ಕಟ್ಟಿಕೊಂಡಿವೆ.

ಇವತ್ತು ಸರ್ಜನ್ ಡಾ. ಹಾರ್ಗ್ರೀವ್ಸ್ ಕಾಗದದ ಮೇಲೆ ಹೃದಯ ಬರೆದು ತೋರಿಸಿದರು. ಆತನ ಚಿತ್ರ ನಾನು ಕೆಲಸ ಮಾಡುವ ಚೈಲ್ಡ್‌ಕೇರಿನ ಮೂರು ವರ್ಷದ ಮಕ್ಕಳ ಚಿತ್ರಕ್ಕಿಂತ ಕಡೆ, ಆದರೆ ಅರ್ಥವಾಯಿತು. ಹೃದಯದ ಮುಂದಿನ ಗೋಡೆ ಅಲುಗಾಡುತ್ತಿಲ್ಲ. ಸರಿಯಾದ ಹೃದಯ ಪ್ರತಿ ಬಡಿತಕ್ಕೂ ತನ್ನೊಳಗಿನ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗೆ ತಳ್ಳುತ್ತದೆ, ಇವರದು ಕಾಲುಭಾಗ ತಳ್ಳುವಷ್ಟರಲ್ಲಿ ಸುಸ್ತು. ಆ ಗೋಡೆ ಸತ್ತಿದೆಯೋ ಮಲಗಿದೆಯೋ, ಅದು ಪ್ರಶ್ನೆ. ರಕ್ತ ಸಾಲದೆ ಮಲಗಿದ್ದರೆ ಬೈಪಾಸ್ ಮಾಡಿ ರಕ್ತ ಕೊಟ್ಟರೆ ಏಳುತ್ತದೆ. ಸತ್ತಿದ್ದರೆ ಎದೆ ಸೀಳಿದ್ದೂ ದಂಡ, ಮೇಜಿನ ಮೇಲಿಂದ ಇವರು ಏಳದೆ ಇರುವ ಭಯವೂ ಇದೆ. ಅದಕ್ಕೇ ಒಂದು ಸ್ಕ್ಯಾನ್. ಸಕ್ಕರೆಯಂಥ ಔಷಧಿ ಕೊಟ್ಟು ಪೆಟ್ ಅನ್ನುವ ಕ್ಯಾಮೆರಾದಲ್ಲಿ ನೋಡುತ್ತಾರಂತೆ. ಜೀವ ಇರುವ ಮಾಂಸ ಸಕ್ಕರೆ ತಿನ್ನುತ್ತದೆ, ಸತ್ತದ್ದು ತಿನ್ನುವುದಿಲ್ಲ.

ಎದೆನೋವು ಬರುತ್ತದೆಯೇ ಅಂತ ಇವರನ್ನು ಕೇಳಿದರು. ಇಲ್ಲ ಅಂದೆ. ಉಸಿರು ಕಟ್ಟುತ್ತದೆಯೇ? ಬೇಸಿಗೆಯಿಂದ ಅಂದೆ. ರಾತ್ರಿ ಮಲಗಿದರೆ ಉಸಿರಿಗೆ ಎಷ್ಟು ದಿಂಬು ಬೇಕು? ಎರಡು ಅಂದೆ. ಇವರು ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ಕೂತಿದ್ದರು. ನಾನು ಹೇಳದಿದ್ದರೆ ಇನ್ನು ಯಾರು ಹೇಳಬೇಕು? ನನ್ನ ಕ್ಲಾಸಿನ ಎರಡು ವರ್ಷದ ಮಕ್ಕಳೂ ಹೀಗೇ, ಮುಖ ನೋಡಿ ನಾವೇ ತಿಳಿದುಕೊಳ್ಳಬೇಕು.

ಸಂಜೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿರುವ ಮಗಳು ಕವನಾ ಫೋನ್ ಮಾಡಿದಳು. ಬ್ರಿಸ್ಬೇನಿನಿಂದ ಮನೆಗೆ ಹೋಗುವ ಟ್ರೈನಿನಲ್ಲಿದ್ದಳು. ಅಪ್ಪನಿಗೆ ಕೊಡು ಅಂದಳು. ಮಲಗಿದ್ದಾರೆ ಅಂದೆ. ಮಲಗಿರಲಿಲ್ಲ, ಟಿವಿಯಲ್ಲಿ ಫುಟಿ ಮ್ಯಾಚ್ ನೋಡುತ್ತಿದ್ದರು. ಮಾತಾಡಿಸಿ ಸುಸ್ತು ಮಾಡುವುದು ಯಾಕೆ, ಎಲ್ಲ ನಾನೇ ಹೇಳಿದೆನಲ್ಲ.

ನಾನೇನೂ ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತೆಲ್ಲಿ.

೧೧ ಜುಲೈ, ಶುಕ್ರವಾರ

ಸ್ಕ್ಯಾನಿನ ದಿನ ಗೊತ್ತಾಯಿತು. ಬರುವ ಇಪ್ಪತ್ತೊಂದು, ಸೋಮವಾರ ಮಧ್ಯಾಹ್ನ. ಆಸ್ಪತ್ರೆಯ ಹುಡುಗಿ ಫೋನ್ ಮಾಡಿದಾಗ ನಾನು ಕೆಲಸದಲ್ಲಿದ್ದೆ, ಕಂಕುಳಲ್ಲಿ ಒಂದು ಮಗು ಕಿರುಚುತ್ತಿತ್ತು. ಹಿಂದಿನ ರಾತ್ರಿಯಿಂದ ಫಾಸ್ಟಿಂಗ್ ಇರಬೇಕು, ಅಂದರೆ ಏನು ಅಂತ ಹೇಳುತ್ತೇನೆ ಅಂತ ಶುರುಮಾಡಿದಳು. ಹೇಳಬೇಡಮ್ಮ, ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಸಲ ಉಪವಾಸ, ನಾವು ನಿನಗೇ ಹೇಳಿಕೊಡುತ್ತೇವೆ ಅಂದೆ. ನಕ್ಕಳು. ನೋ ವರೀಸ್ ಅಂದಳು.

ರಾತ್ರಿ ಅಡುಗೆ ಮಾಡುತ್ತ ಪರ್ತಿನ ಸುಮತಿ ಅಕ್ಕನಿಗೆ ಹೇಳಿದೆ. ಅಕ್ಕ ಬೆಂಟ್ಲಿಯಲ್ಲಿ ಯೂನಿವರ್ಸಿಟಿ ಪಕ್ಕದ ಮನೆಯಲ್ಲಿ ಎರಡು ರೂಮು ನಮ್ಮ ಕಡೆಯ ಹುಡುಗರಿಗೆ ಕೊಟ್ಟು, ಅವರಿಗೆ ಸಾರು ಹಾಕಿಕೊಂಡು, ಪಂಚಾಂಗ ನೋಡಿಕೊಂಡು ಇರುವವಳು. ತಕ್ಷಣ ಅಂದಳು, "ಇಪ್ಪತ್ತೊಂದು ಏಕಾದಶಿ ಕಣೇ. ದೇವರೇ ದಿನ ಕೂಡಿಸಿಕೊಟ್ಟಿದಾನೆ. ನಿನ್ನ ಯಜಮಾನರಿಗೆ ಏನೂ ಆಗಲ್ಲ ನೋಡ್ತಿರು."

ಫೋನ್ ಇಟ್ಟಮೇಲೆ ಮೊದಲ ಸಲ ಧೈರ್ಯ ಬಂತು.

೨೧ ಜುಲೈ, ಸೋಮವಾರ

ಮುಗಿಯಿತು. ಎಲ್ಲ ಚೆನ್ನಾಗಿ ಆಯಿತು ಅಂತ ನನ್ನ ಲೆಕ್ಕ.

ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ದೀಪ ಹಚ್ಚಿದೆ. ಇವರೂ ಸ್ನಾನ ಮಾಡಿ ಬಂದು ಕೂತರು. ರಾತ್ರಿಯಿಂದ ಅನ್ನ ಮುಟ್ಟಿಲ್ಲ. ಮಧ್ಯಾಹ್ನದ ತನಕ ಇರಬೇಕು, ಮಾತ್ರೆ ಬೇರೆ ನುಂಗಬೇಕು, ಹೃದಯ ಸರಿಯಿಲ್ಲದವರು. ಏಕಾದಶಿಯ ಫಲಾಹಾರವನ್ನೇ ಬೇಗ ಮಾಡಿಕೊಟ್ಟೆ. ಸಬ್ಬಕ್ಕಿ ಉಪ್ಪಿಟ್ಟು, ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ಕಡಲೆಬೀಜ ಧಾರಾಳವಾಗಿ ಹಾಕಿದ್ದೆ, ಶಕ್ತಿಗೆ. ಸುಮ್ಮನೆ ತಿಂದರು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಿದ ಹುಡುಗ, ಸ್ವಲ್ಪ ಮೇಲಿದೆ, ಫಾಸ್ಟಿಂಗ್ ಇದ್ದೀರಿ ತಾನೇ ಅಂತ ಇವರನ್ನು ಕೇಳಿದ. ಇವರು ಬಾಯಿ ತೆರೆಯುವಷ್ಟರಲ್ಲಿ, ನಿನ್ನೆ ರಾತ್ರಿಯಿಂದ ಫಾಸ್ಟಿಂಗ್, ಇವರಿಗೆ ಮೊದಲಿಂದಲೂ ಸಕ್ಕರೆ ಸ್ವಲ್ಪ ಅಂಚಿನಲ್ಲೇ ಇರುತ್ತದೆ ಅಂದೆ. ಅವನು ಬರೆದುಕೊಂಡ. ಸಿಹಿನೀರು ಕುಡಿಸಿ, ಇಂಜೆಕ್ಷನ್ ಕೊಟ್ಟು, ಬೆಚ್ಚಗಿನ ಹೊದಿಕೆ ಹೊದಿಸಿ ಒಳಗೆ ಕರೆದುಕೊಂಡು ಹೋದರು.

ವಾಪಸ್ಸು ಬರುವಾಗ ಕಾರಿನಲ್ಲಿ ಇವರು ಏನೋ ಹೇಳಬೇಕು ಅನ್ನುವವರ ಹಾಗೆ ಎರಡು ಸಲ ನನ್ನ ಕಡೆ ತಿರುಗಿದರು. ಆಯಾಸ ಮಾಡಿಕೊಳ್ಳಬೇಡಿ, ಕಣ್ಣು ಮುಚ್ಚಿಕೊಳ್ಳಿ ಅಂದೆ.

೨೯ ಜುಲೈ, ಮಂಗಳವಾರ

ಸತ್ತಿದೆಯಂತೆ.

ಮುಂದಿನ ಗೋಡೆ ಸಕ್ಕರೆ ಮುಟ್ಟೇ ಇಲ್ಲ. ಚಿತ್ರ ಅಷ್ಟು ಚೆನ್ನಾಗಿ ಬಂದಿಲ್ಲ, ಆದರೂ ಹೆಚ್ಚಿನ ಭಾಗ ಗಾಯದ ಕಲೆ ಅನ್ನಿಸುತ್ತದೆ ಅಂತ ಹಾರ್ಗ್ರೀವ್ಸ್ ಹೇಳಿದರು. ಆಪರೇಷನ್ನಿನಿಂದ ಲಾಭ ಕಡಿಮೆ, ಅಪಾಯ ಜಾಸ್ತಿ, ತಾನು ಕೈ ಹಾಕುವುದಿಲ್ಲ. ಮಾತ್ರೆಗಳಲ್ಲಿ ಇರಬೇಕು. ಮಾತ್ರೆಗಳಲ್ಲಿ ಎಷ್ಟು ವರ್ಷ ಅಂತ ನಾನು ಕೇಳಿದೆ. ಹೇಳುವುದು ಕಷ್ಟ ಅಂದರು. ಹೇಳುವುದು ಕಷ್ಟ ಅಂದರೆ ಏನು ಅಂತ ಈ ದೇಶದಲ್ಲಿ ಇಷ್ಟು ವರ್ಷ ಇದ್ದವಳಿಗೆ ಗೊತ್ತಾಗುವುದಿಲ್ಲವೇ.

ನಿಮಗೇನಾದರೂ ಪ್ರಶ್ನೆ ಇದೆಯೇ ಅಂತ ಇವರನ್ನು ಕೇಳಿದರು. ನಾನೇ ಇಲ್ಲ ಅಂದೆ. ಇನ್ನೇನು ಪ್ರಶ್ನೆ. ಹಾರ್ಟ್ ಫೇಲ್ಯೂರ್ ನೋಡುವ ಬೇರೆ ಡಾಕ್ಟರಿಗೆ ಬರೆದುಕೊಟ್ಟಿದ್ದಾರೆ, ಡಾ. ಟ್ರಾನ್ ಅಂತ.

ಅಕ್ಕನಿಗೆ ಹೇಳಿಲ್ಲ.

೩೦ ಜುಲೈ, ಬುಧವಾರ

ಕೆಲಸಕ್ಕೆ ಹೋದೆ. ಮಕ್ಕಳಿಗೆ ಹಾಡು ಹೇಳಿಕೊಟ್ಟೆ.

೩ ಆಗಸ್ಟ್, ಭಾನುವಾರ

ಕವನಾ ಶುಕ್ರವಾರವೇ ಬಂದಿದ್ದಳು, ಇವತ್ತು ಸಂಜೆಯ ಫ್ಲೈಟಿಗೆ ವಾಪಸ್ಸು. ಮಧ್ಯಾಹ್ನ ಅಪ್ಪ ಮಗಳು ಹಿತ್ತಲಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದರು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಕಿಟಕಿಯಿಂದ ಇವರ ದನಿ ಕೇಳುತ್ತಿತ್ತು. ಒಂದೇ ಸಮ ಮಾತಾಡುತ್ತಿದ್ದರು. ಕವನಾ ನಡುನಡುವೆ ಇಂಗ್ಲಿಷಿನಲ್ಲಿ ಒಂದು ಮಾತು ಸೇರಿಸುತ್ತಿದ್ದಳು ಅಷ್ಟೆ. ಇವರಿಗೆ ಇಷ್ಟು ಮಾತು ಬರುತ್ತದೆಯೇ ಅಂತ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಹೋದೆ. ಏನು ವಿಷಯ ಅಂದೆ. ನಿಲ್ಲಿಸಿಬಿಟ್ಟರು. ಅಪ್ಪನ ಫ್ಯಾಕ್ಟರಿ ವಿಷಯ ಅಂದಳು ಕವನಾ. ಇಲ್ಲೇ ಪಕ್ಕದ ಎಡಿನ್‌ಬರೋದಲ್ಲಿ ಇವರು ಯುದ್ಧವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್. ಈಗ ರಜೆ. ಫ್ಯಾಕ್ಟರಿ ವಿಷಯ ಹೇಳುವಾಗ ಯಾರ ಕಣ್ಣೂ ಕೆಂಪಾಗುವುದಿಲ್ಲ. ನಾನು ಕೇಳಲಿಲ್ಲ.

ಏರ್‌ಪೋರ್ಟಿನಲ್ಲಿ ಕವನಾ ನನ್ನನ್ನು ತಬ್ಬಿಕೊಂಡು, "ಅಮ್ಮಾ, ನೆಕ್ಸ್ಟ್ ಟೈಮ್ ಅಪ್ಪನಿಗೆ ಫೋನ್ ಕೊಡು, ಪ್ಲೀಸ್," ಅಂದಳು. ಕೊಡದೆ ನಾನೇನು ಕಟ್ಟಿಹಾಕಿದ್ದೇನೆಯೇ?

೧೨ ಆಗಸ್ಟ್, ಮಂಗಳವಾರ

ಇವತ್ತಿನದು ಬರೆಯಲೇಬೇಕು.

ಡಾ. ಟ್ರಾನ್ ಅವರ ಅಪಾಯಿಂಟ್‌ಮೆಂಟ್ ಇವತ್ತು. ಮಳೆ. ಪಾರ್ಕಿಂಗ್ ಕಟ್ಟಡ ಪೂರ್ತಿ ಭರ್ತಿ, ಮುಂದೆ ಒಬ್ಬ ಪುಣ್ಯಾತ್ಮ ತನ್ನ ಯೂಟ್ ಗಾಡಿ ಅಡ್ಡ ನಿಲ್ಲಿಸಿಕೊಂಡು ಕೂತಿದ್ದ. ಹೊತ್ತಾಗುತ್ತದೆ ಅಂತ ಇವರನ್ನು ಬಾಗಿಲಲ್ಲಿ ಇಳಿಸಿ, ಒಳಗೆ ಕೂತಿರಿ, ನಾನು ಬರುವ ತನಕ ಏನೂ ಹೇಳಬೇಡಿ ಅಂದೆ. ಜಾಗ ಸಿಗುವಷ್ಟರಲ್ಲಿ ನನಗೇ ಹಾರ್ಟ್ ಅಟ್ಯಾಕ್ ಆಗುವುದಿತ್ತು. ಒದ್ದೆ ಚಪ್ಪಲಿಯಲ್ಲಿ ಓಡಿಬಂದರೆ ಇವರನ್ನು ಆಗಲೇ ಒಳಗೆ ಕರೆದಿದ್ದರು.

ಡಾ. ಟ್ರಾನ್ ಹೆಣ್ಣುಮಗಳು, ನಮ್ಮ ಕವನಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಂಪ್ಯೂಟರ್ ಕಡೆ ನೋಡದೆ, ಗಲ್ಲಕ್ಕೆ ಕೈಯಿಟ್ಟುಕೊಂಡು ಇವರ ಮಾತು ಕೇಳುತ್ತಿದ್ದಳು. ಇವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತಿದ್ದರು. ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಒಂದು ಕಾಫಿ ಕುಡಿದುಬರಬಹುದು, ಆದರೂ ಆಕೆ ಕಾಯುತ್ತಿದ್ದಳು. ಸ್ಕ್ಯಾನಿನ ದಿನ ಬೆಳಗಿನಿಂದ ಏನೇನಾಯಿತು ಅಂತ ಕೇಳಿದ್ದಳಂತೆ. ಚಿತ್ರ ಮಸುಕಾಗಿದ್ದದ್ದು ಯಾಕೆ ಅಂತ ಆಕೆಯ ತಲೆಗೆ ಹತ್ತಿರಲಿಲ್ಲ.

"ಅವತ್ತು ನಮಗೆ ಏಕಾದಶಿ. ಅದಕ್ಕೆ ಬರೀ ಸಬ್ಬಕ್ಕಿ ತಿಂದೆ," ಅಂದರು ಇವರು.

"ಫಾಸ್ಟಿಂಗ್ ಇದ್ದೆ ಅಂದ್ರಲ್ಲ?"

ನಾನು ಕುರ್ಚಿ ಎಳೆದುಕೊಂಡು ಕೂರುವ ಮುಂಚೆಯೇ ಬಾಯಿ ಹಾಕಿದೆ. "ಸಬ್ಬಕ್ಕಿ ಊಟ ಅಲ್ಲ ಡಾಕ್ಟರ್. ಅದು ಫಲಾಹಾರ."

ಆಕೆ ನಗಲಿಲ್ಲ. ತನ್ನ ಅಜ್ಜಿಯೂ ಹುಣ್ಣಿಮೆಗೆ ಉಪವಾಸ ಅಂತ ಹೇಳಿ ಒಂದು ಬೋಗುಣಿ ತೋಫು ತಿನ್ನುತ್ತಿದ್ದಳು ಅಂದಳು. ಆಮೇಲೆ ಸಬ್ಬಕ್ಕಿಗೆ ಏನೇನು ಹಾಕಿದ್ದೆ ಅಂತ ಕೇಳಿದಳು. ತುಪ್ಪ, ಕಡಲೆಬೀಜ, ಕಾಯಿತುರಿ ಅಂದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳದ ಹಾಗಾಯಿತು. ಹಾಲು, ಗಟ್ಟಿಹಾಲೇ. ಆಕೆ ಪೆನ್ನು ಕೆಳಗಿಟ್ಟಳು.

ಹೃದಯಕ್ಕೆ ಎರಡು ಬಗೆಯ ಊಟವಂತೆ, ಕೊಬ್ಬು ಮತ್ತು ಸಕ್ಕರೆ. ಕೊಬ್ಬು ಸಿಕ್ಕಿದರೆ ಸಕ್ಕರೆಯ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿರಿಸಿ, ಆಮೇಲೆ ತಾವೇ ಸಿಹಿನೀರು ಕುಡಿಸಿ, ಆಗ ಚಿತ್ರ ತೆಗೆಯುವುದು. ನಾನು ಬೆಳಿಗ್ಗೆಯೇ ತುಪ್ಪ, ಕಡಲೆಬೀಜ ಬಡಿಸಿ ಕಳಿಸಿದ್ದೆ. ಆ ಗೋಡೆ ಸತ್ತು ಸಕ್ಕರೆ ಬಿಟ್ಟಿತೋ, ಹೊಟ್ಟೆ ತುಂಬಿ ಬಿಟ್ಟಿತೋ ಈಗ ಹೇಳುವಂತಿಲ್ಲ.

"ಇದರಿಂದಲೇ ಹಾಗಾಯ್ತು ಅಂತ ನಾನು ಹೇಳ್ತಿಲ್ಲ," ಅಂದಳು ಟ್ರಾನ್. "ಆದ್ರೆ ಈ ಚಿತ್ರ ನಂಬಿಕೊಂಡು ಒಬ್ಬ ಮನುಷ್ಯನಿಗೆ ಆಪರೇಷನ್ ಬೇಡ ಅನ್ನೋಕೆ ನಾನು ಒಪ್ಪಲ್ಲ. ಇನ್ನೊಂದು ಸಲ ಮಾಡೋಣ."

ಕಾರಿನಲ್ಲಿ ಇವರನ್ನು ಬೈದೆ. ಅವತ್ತೇ ಹೇಳಬಾರದಿತ್ತೇ ಅಂದೆ. ವೈಪರ್ ಎರಡು ಮೂರು ಸಲ ಆಚೀಚೆ ಆಡಿದ ಮೇಲೆ, "ಹೇಳೋಕೆ ಬಂದೆ ಸುಲೋಚನಾ," ಅಂದರು.

೧೩ ಆಗಸ್ಟ್, ಬುಧವಾರ

ರಕ್ತಪರೀಕ್ಷೆಗೆ ಖಾಲಿ ಹೊಟ್ಟೆ ಅಂದರೆ ಖಾಲಿ ಹೊಟ್ಟೆ ಅಂತ ಗೊತ್ತಿರುವವಳು ನಾನು. ಕಾಫಿಯನ್ನೂ ಕೊಡುವುದಿಲ್ಲ. ಏಕಾದಶಿ ಅಂದ ತಕ್ಷಣ ಆ ಬುದ್ಧಿ ಎಲ್ಲಿ ಹೋಯಿತು? ಆ ಫೋನಿನ ಹುಡುಗಿ ಹೇಳಲು ಬಂದಳು, ಬಿಡಲಿಲ್ಲ. ಆ ಸ್ಕ್ಯಾನಿನ ಹುಡುಗ ಕೇಳಿದ, ಬಿಡಲಿಲ್ಲ. ಇವರ ಆಯಸ್ಸನ್ನು ನನ್ನ ಬಾಯಿಯೇ ತಿಂದುಹಾಕುವುದರಲ್ಲಿತ್ತು.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಪ್ಪು ಏಕಾದಶಿಯದಲ್ಲ ಕಣೇ, ನಮ್ಮದು ಅಂದಳು. ನಮ್ಮದು ಅಂದದ್ದು ಅವಳ ದೊಡ್ಡತನ.

೨೫ ಆಗಸ್ಟ್, ಸೋಮವಾರ

ಎರಡನೇ ಸ್ಕ್ಯಾನ್. ಈ ಸಲ ಅಡುಗೆಮನೆಗೆ ಕಾಲೇ ಇಡಲಿಲ್ಲ. ನಾನೂ ತಿನ್ನಲಿಲ್ಲ, ಎದುರಿಗೆ ಕೂತು ತಿನ್ನುವುದು ಹೇಗೆ. ದಾರಿಯಲ್ಲಿ ಪೆಟ್ರೋಲಿಗೆ ಸರ್ವೋ ಬಂಕಿನಲ್ಲಿ ನಿಲ್ಲಿಸಿದರೆ ಒಳಗಿನ ಪೈ ವಾಸನೆ ಮೂಗಿಗೆ ಹೊಡೆಯಿತು. ಮಾಂಸದ ಪೈ ನೋಡಿ ಬಾಯಲ್ಲಿ ನೀರೂರಿದ್ದು ಇದೇ ಮೊದಲು, ದೇವರು ಕ್ಷಮಿಸಲಿ.

ಅದೇ ಹುಡುಗ. ಬೆರಳು ಚುಚ್ಚಿದ. ಕೊನೆಯದಾಗಿ ಯಾವಾಗ ತಿಂದಿರಿ ಅಂತ ಕೇಳಿದ. ನಾನು ಬಾಯಿ ಹಾಕಲಿಲ್ಲ. ಮತ್ತೆ ಎಡವಟ್ಟಾದರೆ ನನ್ನ ತಲೆಗೆ ಬರುವುದು ಬೇಡ ಅಂತ ಅಷ್ಟೆ. ಇವರು ಯೋಚನೆ ಮಾಡಿ, ನಿನ್ನೆ ಸಂಜೆ ಎರಡು ಇಡ್ಲಿ, ಆಮೇಲೆ ನೀರು ಬಿಟ್ಟು ಬೇರೇನೂ ಇಲ್ಲ ಅಂದರು. ಎರಡಲ್ಲ, ಮೂರು ಇಡ್ಲಿ. ಆದರೂ ಸುಮ್ಮನಿದ್ದೆ.

ಒಳಗೆ ಹೋಗುವಾಗ ತಿರುಗಿ ನೋಡಿ, ಭಯ ಆಗುತ್ತಿದೆ ಅಂದರು. ನನಗೂ ಅಂದೆ.

೨ ಸೆಪ್ಟೆಂಬರ್, ಮಂಗಳವಾರ

ಬದುಕಿದೆ. ಬದುಕಿದೆ. ಬದುಕಿದೆ.

ಡಾ. ಟ್ರಾನ್ ಪರದೆಯ ಮೇಲೆ ಹೊಸ ಸ್ಕ್ಯಾನಿನ ಎರಡು ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಿದಳು. ಒಂದು, ರಕ್ತ ಎಲ್ಲಿಗೆ ಹೋಗುತ್ತದೆ ಅನ್ನುವುದು. ಮುಂದಿನ ಗೋಡೆಯ ಹತ್ತಿರ ಕಪ್ಪು, ರಕ್ತ ಸಾಲದು. ಇನ್ನೊಂದು ಸಕ್ಕರೆಯದು. ಅದೇ ಗೋಡೆ ಕಿತ್ತಲೆ ಬಣ್ಣದಲ್ಲಿ ನಿಗಿನಿಗಿ ಹೊಳೆಯುತ್ತಿತ್ತು. ರಕ್ತ ಸಾಲದೆ ಇದ್ದರೂ ಹಸಿದುಕೊಂಡು ಸಕ್ಕರೆಗೆ ಬಾಯಿ ಹಾಕಿದೆ, ಅಂದರೆ ಸತ್ತಿಲ್ಲ, ಮಲಗಿದೆ ಅಂದಳು. ತುದಿಯಲ್ಲಿ ಒಂದಿಷ್ಟು ಕಲೆ ಇದೆ, ಅದು ಹೋಗುವುದಿಲ್ಲ, ಉಳಿದದ್ದು ಎಬ್ಬಿಸಬಹುದು. ಹಾರ್ಗ್ರೀವ್ಸ್ ಆಗಲೇ ಚಿತ್ರ ನೋಡಿ, ಆಪರೇಷನ್ ಮಾಡುತ್ತೇನೆ ಅಂದಿದ್ದಾರಂತೆ.

ಹೋದ ಜೀವ ಬಂದ ಹಾಗಾಯಿತು. ನನ್ನ ಜೀವ. ಇವರದು ಅಲ್ಲೇ ಇತ್ತಲ್ಲ, ಕಿತ್ತಲೆ ಬಣ್ಣದಲ್ಲಿ.

ಇವರು ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಾಗಿ ಫ್ಯಾಕ್ಟರಿಯಲ್ಲಿ ರೆಕ್ಕೆಯ ಬಿರುಕು ಹುಡುಕುವವರ ಹಾಗೆ ನೋಡಿದರು. ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು. ಕಲೆಯ ದಪ್ಪ ಎಷ್ಟು, ಎದ್ದೇಳಲು ಎಷ್ಟು ಕಾಲ ಬೇಕು, ಏಳದೆ ಇದ್ದರೆ ಏನು. ನೂರಕ್ಕೆ ಮೂರು ನಾಲ್ಕು ಜನ ಇಂಥ ಆಪರೇಷನ್ನಿನಲ್ಲಿ ಉಳಿಯುವುದಿಲ್ಲ ಅಂತ ಆಕೆ ಹೇಳಿದಾಗ ಇವರು ತಲೆಯಾಡಿಸಿದರು. ಮಾಡಿಸುತ್ತೀರಾ ಅಂತ ಆಕೆ ಕೇಳಿದಾಗ ನಾನು ಇವರನ್ನು ನೋಡಿದೆ.

"ಮಾಡಿಸ್ತೀನಿ," ಅಂದರು. "ನಂಗೆ ಇನ್ನೂ ಬದುಕಬೇಕು."

ಕಾರು ಹತ್ತಿದ ತಕ್ಷಣ ಕವನಾಗೆ ಫೋನ್ ಮಾಡಿ ಇವರ ಕೈಗೆ ಕೊಟ್ಟೆ. ನಾನು ಡ್ರೈವ್ ಮಾಡಬೇಕಿತ್ತಲ್ಲ.

೧೬ ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಕವನಾ ನನ್ನ ಪಕ್ಕ ಇದ್ದಳು. ಕಾಯುವ ಕೋಣೆಯಲ್ಲಿ ಯಾರೋ ಅರ್ಧ ಬಿಟ್ಟುಹೋದ ಜಿಗ್‌ಸಾ ಇತ್ತು, ಹಡಗಿನದು. ನಾನೂ ಅವಳೂ ಅದನ್ನೇ ಜೋಡಿಸಿದೆವು. ಸಮುದ್ರವೆಲ್ಲ ಒಂದೇ ನೀಲಿ, ಯಾವ ತುಂಡೂ ಕೂರುತ್ತಿರಲಿಲ್ಲ. ಸುಮತಿ ಅಕ್ಕ ಬೆಂಟ್ಲಿಯ ಹುಡುಗರನ್ನೆಲ್ಲ ಕೂರಿಸಿಕೊಂಡು ಸಹಸ್ರನಾಮ ಹೇಳಿಸುತ್ತಿದ್ದಾಳೆ ಅಂತ ಮೆಸೇಜ್ ಬಂತು. ಅವರಲ್ಲಿ ಒಬ್ಬ ಮಂಗಳೂರಿನ ಕ್ರಿಶ್ಚಿಯನ್ ಹುಡುಗನಂತೆ, ಅವನೂ ಕೂತಿದ್ದಾನಂತೆ.

ಮೂರು ಗಂಟೆಯ ಮೇಲೆ ಹಾರ್ಗ್ರೀವ್ಸ್ ಟೋಪಿ ತೆಗೆಯುತ್ತ ಬಂದರು. ಮೂರು ನಾಳಗಳಿಗೆ ಒಟ್ಟು ನಾಲ್ಕು ಬೈಪಾಸ್, ಎಲ್ಲ ಚೆನ್ನಾಗಿ ಆಗಿದೆ, ಹೃದಯ ತಾನಾಗಿಯೇ ಶುರುವಾಯಿತು ಅಂದರು. ನಾನು ಆತನ ಎರಡೂ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ಕಷ್ಟಪಟ್ಟರು ಅಂತ ಆಮೇಲೆ ಕವನಾ ಹೇಳಿದಳು.

೧೮ ಸೆಪ್ಟೆಂಬರ್, ಗುರುವಾರ

ಗಂಟಲಿನ ಟ್ಯೂಬ್ ನಿನ್ನೆಯೇ ತೆಗೆದಿದ್ದಾರೆ. ಇವತ್ತು ಕುರ್ಚಿಯಲ್ಲಿ ಕೂರಿಸಿದ್ದರು, ದಿಂಬನ್ನು ಎದೆಗೆ ಅಪ್ಪಿಕೊಂಡು. ನರ್ಸ್ ನನ್ನ ಕಡೆ ತಿರುಗಿ, ಇವರಿಗೆ ನೋವಿದೆಯೇ ಅಂತ ಕೇಳಿದಳು. ನನಗೆ ಹೇಗೆ ಗೊತ್ತಾಗಬೇಕು? ಅವರನ್ನೇ ಕೇಳಮ್ಮ ಅಂದೆ.

"ಇದೆ," ಅಂದರು. ದಿಂಬನ್ನು ಇನ್ನಷ್ಟು ಅಪ್ಪಿಕೊಂಡು, "ತುಂಬಾ ಇದೆ," ಅಂದರು.

ಅಟ್ಯಾಕ್ ಆದಾಗಲೂ ನೋವು ಅನ್ನದ ಮನುಷ್ಯ. ನರ್ಸ್ ಓಡಿಹೋಗಿ ಔಷಧಿ ತಂದಳು. ಗಂಡನಿಗೆ ನೋವಾದರೆ ಇಷ್ಟು ಹಿಗ್ಗುವ ಹೆಂಡತಿ ಅಡಿಲೇಡಿನಲ್ಲಿ ನಾನೊಬ್ಬಳೇ ಇರಬೇಕು.

೨೮ ಸೆಪ್ಟೆಂಬರ್, ಭಾನುವಾರ

ಮನೆಗೆ ಬಂದು ನಾಲ್ಕು ದಿನವಾಯಿತು. ದೂರುಗಳ ಸುರಿಮಳೆ. ಬೈಪಾಸಿಗೆ ನಾಳ ತೆಗೆದ ಕಾಲಿನ ಹೊಲಿಗೆ ತುರಿಸುತ್ತದಂತೆ. ಸಾರಿಗೆ ಉಪ್ಪಿಲ್ಲವಂತೆ. ಟಿವಿ ದನಿ ಜೋರಂತೆ. ಬೆಳಿಗ್ಗೆ ಇನ್ನೊಂದು ವಿಷಯ ಹೊರಬಿತ್ತು. ಇವರಿಗೆ ಸಬ್ಬಕ್ಕಿ ಕಂಡರೆ ಆಗುವುದಿಲ್ಲವಂತೆ, ಮದುವೆಯಾದಾಗಿನಿಂದಲೂ. ಗಂಟಲಲ್ಲಿ ಅಂಟಿಕೊಳ್ಳುತ್ತದಂತೆ. ಮೂವತ್ತು ವರ್ಷದ ಏಕಾದಶಿಗಳನ್ನು ನೆನೆದು ನನಗೆ ನಗು ತಡೆಯಲಾಗಲಿಲ್ಲ. ಇವರೂ ನಗಲು ಹೋಗಿ ಎದೆ ಹಿಡಿದುಕೊಂಡು, ನಗಿಸಬೇಡ ಮಾರಾಯ್ತಿ, ಹೊಲಿಗೆ ಬಿಟ್ಟುಕೊಳ್ಳುತ್ತೆ ಅಂತ ಕೈ ಮುಗಿದರು.

ಮಧ್ಯಾಹ್ನ ಗೇಟಿನ ತನಕ ನಡೆದೆವು. ನಾಳೆ ಪಕ್ಕದ ಮನೆಯ ತನಕ.

೫ ಡಿಸೆಂಬರ್, ಶುಕ್ರವಾರ

ಬಹಳ ದಿನವಾಯಿತು ಬರೆದು. ದಿನಾ ನಡೆಯಲು ಹೋಗುತ್ತೇವೆ, ಲಿಟಲ್ ಪ್ಯಾರಾ ಹೊಳೆಯ ಪಕ್ಕದ ದಾರಿಯಲ್ಲಿ. ಬರೆಯಲು ಅಂಥದ್ದೇನೂ ಇರುವುದಿಲ್ಲ.

ಇವತ್ತು ಆಪರೇಷನ್ನಿನ ಮೂರು ತಿಂಗಳ ಎಕೋ, ಹೃದಯದ ಸ್ಕ್ಯಾನ್. ಕತ್ತಲೆ ಕೋಣೆಗೆ ನನ್ನನ್ನೂ ಕರೆಯಿರಿ ಅಂತ ಇವರೇ ಹೇಳಿದರು. ಪರದೆಯ ಮೇಲೆ ಬೂದು ಬಣ್ಣದಲ್ಲಿ ಹೃದಯ ಆಡುತ್ತಿತ್ತು. ಡಾ. ಟ್ರಾನ್ ಚಿತ್ರದಲ್ಲಿ ತೋರಿಸಿದ್ದರಿಂದ ಆ ಗೋಡೆ ಯಾವುದು ಅಂತ ನನಗೆ ಗೊತ್ತಿತ್ತು. ಜುಲೈನಲ್ಲಿ ಅದು ಅಲುಗಾಡುತ್ತಿಲ್ಲ ಅಂದಿದ್ದರು. ಇವತ್ತು ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿತ್ತು. ಉಳಿದ ಗೋಡೆಗಳಷ್ಟು ಜೋರಿಲ್ಲ, ಆದರೆ ಬರುತ್ತಿತ್ತು. ಪರೀಕ್ಷೆ ಮಾಡುವ ಹೆಂಗಸು ಏನೂ ಹೇಳುವಂತಿಲ್ಲವಂತೆ. ಹೇಳುವುದೇನು ಬಂತು, ಕಣ್ಣಿಗೆ ಕಾಣುತ್ತಿದೆಯಲ್ಲ.

ಡಾ. ಟ್ರಾನ್ ಸಂಖ್ಯೆ ಹೇಳಿದಳು. ಹೃದಯ ಹೊರಗೆ ತಳ್ಳುವ ರಕ್ತ ನೂರಕ್ಕೆ ಇಪ್ಪತ್ತೆಂಟು ಇದ್ದದ್ದು ನಲವತ್ತಾರಕ್ಕೆ ಬಂದಿದೆ. ಇವರನ್ನು ಹೇಗಿದ್ದೀರಿ ಅಂತ ಕೇಳಿದಳು. ಇವರು ಶುರುಮಾಡಿದರು. ಮೆಟ್ಟಿಲು ಹತ್ತಿದರೆ ಈಗ ಉಸಿರು ಕಟ್ಟುವುದಿಲ್ಲ, ಎಡಗೈ ಕಿರುಬೆರಳು ಮರಗಟ್ಟುತ್ತದೆ, ಕೆಲಸಕ್ಕೆ ವಾಪಸ್ಸು ಹೋಗಲು ಆಸೆ, ಆದರೆ ಎರಡು ತಿಂಗಳು ಮನಸ್ಸು ಕುಗ್ಗಿಹೋಗಿತ್ತು, ಯಾಕೆ ಅಂತ ಗೊತ್ತಿಲ್ಲ, ಈಗ ಪರವಾಗಿಲ್ಲ. ಅದರಲ್ಲಿ ಅರ್ಧ ನಾನು ಮೊದಲ ಸಲ ಕೇಳುತ್ತಿದ್ದೆ. ಆಕೆ ಬರೆದುಕೊಂಡಳು, ಮಾತ್ರೆ ಬದಲಾಯಿಸಿದಳು, ಇನ್ನು ಆರು ತಿಂಗಳು ಬಿಟ್ಟು ಬನ್ನಿ ಅಂದಳು.

ಎದ್ದು ನಿಂತು ಬ್ಯಾಗ್ ಹೆಗಲಿಗೆ ಹಾಕಿಕೊಂಡೆ. ಆಗ ಆಕೆ ನನ್ನ ಕಡೆ ತಿರುಗಿ, "ನೀವು ಹೇಗಿದ್ದೀರಿ?" ಅಂದಳು.

ನಾನು ಫೈನ್ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಇವರು ಬಾಯಿ ಹಾಕಿದರು.

"ಅವಳು ಚೆನ್ನಾಗಿಲ್ಲ ಡಾಕ್ಟರ್. ಜೂನ್‌ನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ನಂಗೆ ಕೇಳಿಸಲ್ಲ ಅಂದ್ಕೊಂಡಿದಾಳೆ."

ಡಾಕ್ಟರ್ ನನ್ನನ್ನೇ ನೋಡುತ್ತಿದ್ದಳು, ಆವತ್ತು ಇವರ ಮಾತಿಗೆ ಕಾದ ಹಾಗೆಯೇ. ಹೌದು ಅಂದೆ. ಮತ್ತೆ ಕುರ್ಚಿಯ ಮೇಲೆ ಕೂತು, ಅವರಿಬ್ಬರ ಎದುರಿಗೇ, ನಲ್ಲಿಯ ಸದ್ದಿಲ್ಲದೆ ಅತ್ತೆ.